ಹವಾನಾ ಸಿಗಾರಿಗೆ ಎಷ್ಟು ವಯಸ್ಸಾಗಿರಬೇಕು?

ಅಕ್ಕಿ ಹಳೆಯದಾದಷ್ಟೂ ಅನ್ನ ಉದುರುದುರಾಗುತ್ತದೆ ಎಂಬುದು ನಮ್ಮ ಅಡುಗೆಮನೆಗಳಲ್ಲಿ ಎಂದೋ ಇತ್ಯರ್ಥವಾದ ವಿಷಯ. ಹೊಸ ಅಕ್ಕಿ ಮುದ್ದೆಯಾದರೆ ತಪ್ಪು ಬೇಯಿಸಿದವರದಲ್ಲ, ತಂದವರದು. ವರ್ಷ ಕಳೆದ ಬೆಲ್ಲಕ್ಕೆ, ಹಳೆಯ ಜೇನಿಗೆ, ಇನ್ನೂ ಹಳೆಯ ತುಪ್ಪಕ್ಕೆ ಆಯುರ್ವೇದ ವಿಶೇಷ ಗುಣಗಳನ್ನೇ ಹೇಳಿದೆ. ಕಾಫಿಪುಡಿಯ ಮಾತು ಬಂದಾಗ ಮಾತ್ರ ನಾವು ಪಕ್ಷಾಂತರ ಮಾಡುತ್ತೇವೆ: ಅದು ಇಂದು ಬೆಳಿಗ್ಗೆ ಹುರಿದು ಬೀಸಿದ್ದೇ ಆಗಿರಬೇಕು. ಯಾವುದಕ್ಕೆ ಕಾಯಬೇಕು, ಯಾವುದಕ್ಕೆ ಕಾಯಬಾರದು ಎಂಬ ವಿವೇಕ ಪ್ರತಿಯೊಂದು ನಾಡಿಗೂ ಇರುತ್ತದೆ. ಆದರೆ ಕ್ಯೂಬಾದ ಸಿಗಾರ್ ವಿಷಯದಲ್ಲಿ ಈ ವಿವೇಕ ಇಬ್ಭಾಗವಾಗಿ ಕುಳಿತಿದೆ. ಸುತ್ತಿದ ಕೂಡಲೇ ಸೇದಬೇಕೆನ್ನುವವರದು ಒಂದು ಪಂಥ, ಹತ್ತಿಪ್ಪತ್ತು ವರ್ಷ ಮಾಗಿಸಿದ ಮೇಲೆಯೇ ಕಡ್ಡಿ ಗೀರಬೇಕೆನ್ನುವವರದು ಇನ್ನೊಂದು. ಬದುಕಿನಲ್ಲಿ ಬೆರಳೆಣಿಕೆಯಷ್ಟು ಸಿಗಾರ್‌ಗಳನ್ನು ಮಾತ್ರ ಸೇದಿದ ನನಗೆ ಆ ಹೊಗೆಗಿಂತ ಈ ಜಗಳವೇ ಹೆಚ್ಚು ರುಚಿಸಿದೆ.

ಮೊದಲಿಗೆ, ‘ತಾಜಾ ಸಿಗಾರ್’ ಎಂಬ ಮಾತೇ ಅರ್ಧ ಸುಳ್ಳು. ಹವಾನಾದ ಪಶ್ಚಿಮಕ್ಕಿರುವ ಪಿನಾರ್ ದೆಲ್ ರಿಯೊ ಪ್ರಾಂತ್ಯದ ವುಯೆಲ್ತಾ ಅಬಾಹೊ ಎಂಬ ಸೀಮೆಯಲ್ಲಿ ಬೆಳೆಯುವ ಹೊಗೆಸೊಪ್ಪನ್ನು ವರ್ಷದ ಮೊದಲ ತಿಂಗಳುಗಳಲ್ಲಿ ಒಂದೊಂದೇ ಎಲೆಯಾಗಿ ಕೀಳುತ್ತಾರೆ. ನಮ್ಮ ಹುಣಸೂರು, ಪಿರಿಯಾಪಟ್ಟಣಗಳ ವರ್ಜೀನಿಯಾ ಹೊಗೆಸೊಪ್ಪಿನಂತೆ ಅದನ್ನು ಬ್ಯಾರನ್ನಿನಲ್ಲಿ ಬೆಂಕಿಯ ಶಾಖದಿಂದ ಕೆಲವೇ ದಿನಗಳಲ್ಲಿ ಹದಗೊಳಿಸುವುದಿಲ್ಲ. ಗರಿಯ ಸೂರಿನ ಕೊಟ್ಟಿಗೆಗಳಲ್ಲಿ, ಗಳುಗಳ ಮೇಲೆ, ಒಂದೂವರೆ ತಿಂಗಳಷ್ಟು ಕಾಲ ಬರಿಯ ಗಾಳಿಗೆ ಒಣಗಲು ಬಿಡುತ್ತಾರೆ. ಅನಂತರ ಎಲೆಗಳನ್ನು ಮೆದೆಯೊಟ್ಟಿ ಹುದುಗಿಸುತ್ತಾರೆ. ಮೆದೆಯ ಒಡಲು ತನ್ನಷ್ಟಕ್ಕೆ ತಾನೇ ಕಾವೇರುತ್ತದೆ; ಎಲೆಯಲ್ಲಿನ ಸಸಾರಜನಕ ಒಡೆದು ಅಮೋನಿಯಾ ಆಗಿ ಹೊರಬರುತ್ತದೆ. ನಮ್ಮ ಗೊಬ್ಬರದ ಗುಂಡಿಯ ಕಾವು, ಘಾಟುಗಳ ಪರಿಚಯವಿರುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಇಷ್ಟಾದ ಮೇಲೂ ಸೊಪ್ಪು ಕಾರ್ಖಾನೆಗೆ ಹೋಗುವುದಿಲ್ಲ, ಮೂಟೆಗಳಲ್ಲಿ ವಿಶ್ರಮಿಸುತ್ತದೆ. ಗಿಡದ ಕೆಳಭಾಗದ ತೆಳು ಎಲೆಗೆ ಒಂದು ವರ್ಷದೊಳಗಿನ ವಿಶ್ರಾಂತಿ ಸಾಕು. ತುದಿಯ, ಬಿಸಿಲುಂಡ, ಖಾರವಾದ ‘ಲಿಹೆರೊ’ ಎಲೆಗೆ ಎರಡು ವರ್ಷವಾದರೂ ಬೇಕು. ಹೀಗಾಗಿ ನಿನ್ನೆ ಸುತ್ತಿದ ಸಿಗಾರಿನೊಳಗೂ ಎರಡು ಮೂರು ವರ್ಷದ ಹಿಂದಿನ ಬಿಸಿಲು ಅಡಗಿರುತ್ತದೆ.

ಹಾಗಿದ್ದರೆ ಜಗಳ ಯಾವುದಕ್ಕೆ? ಅದು ಆರಂಭವಾಗುವುದೇ ಸುತ್ತಿದ ನಂತರ. ಒಣ ಎಲೆ ಪುಡಿಯಾಗದಂತೆ ಸುತ್ತಬೇಕಾದರೆ ಅದನ್ನು ನೀರಿನಿಂದ ಮತ್ತೆ ಮೆದುಗೊಳಿಸಬೇಕು. ಹೀಗೆ ತೇವ ತಗುಲಿದ ಸೊಪ್ಪು ನಿದ್ದೆಯಿಂದೆದ್ದಂತೆ ಇನ್ನೊಮ್ಮೆ ಹುದುಗತೊಡಗುತ್ತದೆ, ಮತ್ತೆ ಅಮೋನಿಯಾ ಬಿಡುತ್ತದೆ. ಕಾರ್ಖಾನೆಯವರು ಸಿಗಾರ್‌ಗಳನ್ನು ಕೆಲವು ವಾರ ತಂಪು ಕೋಣೆಯಲ್ಲಿಟ್ಟು ಹೆಚ್ಚುವರಿ ತೇವವನ್ನು ಇಳಿಸುತ್ತಾರಾದರೂ ಒಳಗಿನ ಚಟುವಟಿಕೆ ಪೂರ್ತಿ ನಿಲ್ಲುವುದಿಲ್ಲ. ಬಲ್ಲವರು ಇದನ್ನು ಸಿಗಾರಿನ ‘ಕಾಯಿಲೆಯ ಕಾಲ’ ಎಂದೇ ಕರೆಯುತ್ತಾರೆ. ಮೂಗಿಗೆ ಚುಚ್ಚುವ ಘಾಟು, ನಾಲಗೆಗೆ ಒಗರು. ಹಳಬರ ಸೂತ್ರ ಸರಳವಾದದ್ದು: ಸುತ್ತಿದ ಮೊದಲ ಒಂದು ತಿಂಗಳೊಳಗೆ ಸೇದು, ಇಲ್ಲವೇ ಒಂದು ವರ್ಷ ಅದರ ತಂಟೆಗೆ ಹೋಗಬೇಡ. ಹವಾನಾದಲ್ಲಿ ಸುತ್ತುವವನ ಮೇಜಿನಿಂದಲೇ ಎತ್ತಿಕೊಂಡು ಸೇದುವುದರಲ್ಲಿ ಸುಖ ಕಾಣುವವರಿದ್ದಾರೆ. ಆ ಹಸಿ ಸೊಪ್ಪಿನ ಸಿಹಿ ಮತ್ತು ಭರಾಟೆ ಆಮೇಲೆ ಎಂದಿಗೂ ಮರಳುವುದಿಲ್ಲ ಎನ್ನುತ್ತಾರೆ ಅವರು. ಅದೂ ನಿಜವೇ.

ಕಾಯುವ ಪಂಥದ ರಾಜಧಾನಿ ಲಂಡನ್. ಅಲ್ಲಿನ ಹಳೆಯ ವರ್ತಕರು ಹವಾನಾದಿಂದ ಬಂದ ಪೆಟ್ಟಿಗೆಗಳನ್ನು ಕೂಡಲೇ ಮಾರದೆ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ದಾಸ್ತಾನು ಕೋಣೆಗಳಲ್ಲಿಟ್ಟು ಹದಗೊಳಿಸುತ್ತಿದ್ದರು. ಸಿರಿವಂತ ಗಿರಾಕಿಗಳು ತಮ್ಮ ಸಿಗಾರ್‌ಗಳನ್ನು ಅಂಗಡಿಯಲ್ಲೇ ಠೇವಣಿಯಂತೆ ಬಿಟ್ಟಿರುತ್ತಿದ್ದರು. 1941ರಲ್ಲಿ ಜರ್ಮನರ ಬಾಂಬು ಡನ್‌ಹಿಲ್ ಅಂಗಡಿಯನ್ನು ಹಾಳುಗೆಡವಿದಾಗ, ನಡುರಾತ್ರಿಯಲ್ಲಿ ಪ್ರಧಾನಿ ಚರ್ಚಿಲ್‌ಗೆ ದೂರವಾಣಿ ಕರೆ ಮಾಡಿ ತಮ್ಮ ಸಿಗಾರ್‌ಗಳು ಸುರಕ್ಷಿತವಾಗಿವೆ ಎಂದು ತಿಳಿಸಲಾಯಿತಂತೆ. ಊರು ಹತ್ತಿ ಉರಿಯುತ್ತಿದ್ದಾಗ ಇದೆಂಥ ಸಮಾಚಾರ ಎಂದು ಕೇಳಬಹುದು. ಆದರೆ ಚರ್ಚಿಲ್‌ಗೆ ಅದರಿಂದ ಸಮಾಧಾನವಾಗಿರಬೇಕು.

ಈ ಪಂಥಕ್ಕೆ ಶಾಸ್ತ್ರಗ್ರಂಥವೊಂದು ದೊರೆತದ್ದು ಮಾತ್ರ ಹಾಂಗ್‌ಕಾಂಗ್‌ನಿಂದ. 2003ರಲ್ಲಿ ಪ್ರಕಟವಾದ, ಕ್ರಾಂತಿಯ ನಂತರದ ಹವಾನಾ ಸಿಗಾರ್‌ಗಳನ್ನು ಕುರಿತ ತಮ್ಮ ಬೃಹತ್ ಸಚಿತ್ರ ಕೋಶದಲ್ಲಿ ಮಿನ್ ರಾನ್ ನೀ ಎಂಬುವರು ಸಿಗಾರಿನ ಆಯುಷ್ಯವನ್ನು ಹಂತಗಳಾಗಿ ವಿಂಗಡಿಸಿದರು. ಕಾಯಿಲೆಯ ಕಾಲ ಕಳೆದ ಮೇಲೆ ಮೊದಲ ಮಾಗುವಿಕೆ. ಒಗರು ಕರಗುವ ಎರಡನೆಯದು. ಎಲ್ಲ ಒರಟುತನ ಹೋಗಿ ಹಳೆಯ ದ್ರಾಕ್ಷಾರಸದಂಥ ಸೂಕ್ಷ್ಮ ಪರಿಮಳವಷ್ಟೇ ಉಳಿಯುವ ಮೂರನೆಯದು. ಎಲ್ಲ ಸಿಗಾರ್‌ಗಳಿಗೂ ಈ ಮೂರನೆಯ ಆಶ್ರಮದ ಯೋಗ್ಯತೆ ಇರುವುದಿಲ್ಲ ಎಂಬುದು ಇಲ್ಲಿ ಮುಖ್ಯ. ಕಳೆದುಕೊಳ್ಳಲು ಸಾಕಷ್ಟು ಖಾರ ಇರುವ ಸಿಗಾರ್ ಮಾತ್ರ ಕಾಲದಿಂದ ಗಳಿಸುತ್ತದೆ. ಹುಟ್ಟಿನಿಂದಲೇ ಮೃದುವಾದದ್ದು ಹತ್ತು ವರ್ಷದ ನಂತರ ಬರಿಯ ಬಿಸಿ ಗಾಳಿ. ಬರಿಯ ರುಚಿಯ ಮಾತಾದರೆ ನನ್ನ ತೀರ್ಮಾನ ಹಳಬರ ಸೂತ್ರದ ಕಡೆಗೇ. ಎರಡು ಮೂರು ವರ್ಷಗಳ ಆಚೆಗಿನ ಕಾಯುವಿಕೆಯಲ್ಲಿ ನಾಲಗೆಯ ಪಾಲಿಗಿಂತ ಪ್ರತಿಷ್ಠೆಯ ಪಾಲು ಹೆಚ್ಚು.

ಕಾಯುವುದೆಂದರೆ ಸುಮ್ಮನೆ ಕಪಾಟಿನಲ್ಲಿಟ್ಟು ಮರೆಯುವುದೂ ಅಲ್ಲ. ಗಾಳಿಯ ತೇವಾಂಶ ನೂರಕ್ಕೆ 65ರಿಂದ 70ರ ಆಸುಪಾಸಿನಲ್ಲಿರಬೇಕು. ಕಡಿಮೆಯಾದರೆ ಸುಗಂಧ ತೈಲಗಳು ಆರಿಹೋಗುತ್ತವೆ, ಹೆಚ್ಚಾದರೆ ಬೂಷ್ಟು ಹಿಡಿಯುತ್ತದೆ. ಸಿಗಾರ್ ಪೆಟ್ಟಿಗೆಯ ಮರವನ್ನು ‘ಸ್ಪ್ಯಾನಿಷ್ ಸೀಡರ್’ ಎನ್ನುತ್ತಾರಾದರೂ ಅದು ಸ್ಪೇನಿನದೂ ಅಲ್ಲ, ಸೀಡರ್ ಕೂಡ ಅಲ್ಲ. ಅಮೆರಿಕ ಖಂಡದ ಉಷ್ಣವಲಯದಲ್ಲಿ ಬೆಳೆಯುವ, ನಮ್ಮ ಬೇವಿನ ಕುಟುಂಬಕ್ಕೇ ಸೇರಿದ ಮರ. ಇನ್ನು ಸೆಖೆ ಏರಿದರೆ ಎಲೆಯೊಳಗೆ ಅಡಗಿದ್ದ ಮೊಟ್ಟೆಗಳು ಒಡೆದು ಕಂದುಬಣ್ಣದ ಪುಟ್ಟ ಹುಳುಗಳು ಹೊರಬಂದು ಸಿಗಾರನ್ನು ಕೊಳಲಿನಂತೆ ಕೊರೆದುಬಿಡುತ್ತವೆ. ಇದೇ ಹುಳು ನಮ್ಮ ಮನೆಗಳಲ್ಲಿ ಅರಿಸಿನದ ಕೊಂಬನ್ನೂ ಕೊತ್ತಂಬರಿ ಬೀಜವನ್ನೂ ತೂತು ಮಾಡುವಂಥದ್ದು. ಹವಾನಾದ ಸಿಗಾರ್ ಎಂಬ ಗೌರವ ಅದಕ್ಕೇನೂ ಇಲ್ಲ.

ತೇವದ ಮಾತು ಬಂದುದರಿಂದ ನಮ್ಮದೇ ಉದಾಹರಣೆಯೊಂದು ನೆನಪಾಗುತ್ತದೆ. ಹಾಯಿಹಡಗಿನ ಕಾಲದಲ್ಲಿ ಮಲಬಾರ್ ಕರಾವಳಿಯಿಂದ ಯೂರೋಪಿಗೆ ಹೊರಟ ಕಾಫಿಬೀಜ ತಿಂಗಳುಗಟ್ಟಲೆ ಸಮುದ್ರದ ಗಾಳಿ ಕುಡಿದು, ಊದಿಕೊಂಡು, ಬಿಳಿಚಿಕೊಂಡು ಹುಳಿಯನ್ನು ಕಳೆದುಕೊಳ್ಳುತ್ತಿತ್ತು. ಅಲ್ಲಿನ ಗಿರಾಕಿಗಳಿಗೆ ಅದೇ ರುಚಿ ಅಂಟಿಕೊಂಡಿತು. ಪ್ರಯಾಣ ಚುರುಕಾಗಿ ಬೀಜ ‘ತಾಜಾ’ ಆಗಿ ಬರತೊಡಗಿದಾಗ ಅವರಿಗೆ ಹಿಡಿಸಲಿಲ್ಲ. ಆದ್ದರಿಂದ ಇಂದಿಗೂ ಮಂಗಳೂರಿನ ಗೋದಾಮುಗಳಲ್ಲಿ ಮುಂಗಾರಿನ ಗಾಳಿಗೆ ಕಾಫಿಬೀಜವನ್ನು ಒಡ್ಡಿ, ಆ ಹಳೆಯ ಸಾಗಾಟದ ವಿಳಂಬವನ್ನು ಕೈಯಾರೆ ಸೃಷ್ಟಿಸಲಾಗುತ್ತದೆ. ರುಚಿ ಎಂದು ನಾವು ತಿಳಿದಿರುವುದರಲ್ಲಿ ಅಭ್ಯಾಸದ ಪಾಲು ಎಷ್ಟೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ನನಗೆ ಗೊತ್ತಿಲ್ಲ.

ಕಾಲಕ್ಕೆ ಬೆಲೆ ಕಟ್ಟಬಹುದೆಂದು ಗೊತ್ತಾದ ಮೇಲೆ ವ್ಯಾಪಾರ ಸುಮ್ಮನಿರುವುದಿಲ್ಲ. 1962ರಲ್ಲಿ ಅಮೆರಿಕ ಕ್ಯೂಬಾದ ಸರಕಿಗೆ ದಿಗ್ಬಂಧನ ಹಾಕಿದ ಮೇಲೆ ಅದಕ್ಕೂ ಹಿಂದಿನ ಸಿಗಾರ್‌ಗಳಿಗೆ ಅಲ್ಲಿ ಹಳೆಯ ಚಿನ್ನದ ಮರ್ಯಾದೆ ಬಂತು. ಕ್ಯೂಬಾ ಕೂಡ ಮೂರು ವರ್ಷ ಮಾಗಿಸಿದ ಎಲೆಯ ‘ರಿಸರ್ವಾ’, ಐದು ವರ್ಷದ ‘ಗ್ರಾನ್ ರಿಸರ್ವಾ’, 2015ರಿಂದ ಸುತ್ತಿದ ನಂತರವೂ ಐದಾರು ವರ್ಷ ತಾನೇ ಕಾದು ಮಾರುವ ‘ಅನ್ಯೆಹಾದೊಸ್’ ಎಂಬ ಶ್ರೇಣಿಗಳನ್ನು ಹೊರತಂದಿತು. 2022ರಲ್ಲಿ ಕೊಹಿಬಾ ಸಿಗಾರಿನ ಬೆಲೆಯನ್ನು ಜಗತ್ತಿನೆಲ್ಲೆಡೆ ಹಾಂಗ್‌ಕಾಂಗ್‌ನ ದರಕ್ಕೆ ಏರಿಸಿದ ಮೇಲಂತೂ ಪೆಟ್ಟಿಗೆ ಕೊಳ್ಳುವುದು ನಿವೇಶನ ಕೊಂಡಂತಾಯಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ‘ಇಯಾನ್’ ಚಂಡಮಾರುತ ಪಿನಾರ್ ದೆಲ್ ರಿಯೊದ ಸಾವಿರಾರು ಒಣಗು ಕೊಟ್ಟಿಗೆಗಳನ್ನು ನೆಲಸಮ ಮಾಡಿತು. ಬೆಳೆಯ ಬಹುಪಾಲನ್ನು ಸರ್ಕಾರಕ್ಕೇ ಮಾರಬೇಕಾದ ಅಲ್ಲಿನ ಬೇಸಾಯಗಾರನಿಗೆ, ಸಿಗಾರ್ ಲಂಡನ್ನಿನಲ್ಲಿ ಇಪ್ಪತ್ತು ವರ್ಷ ಮಾಗಿದರೆ ಬರುವ ಲಾಭದಲ್ಲಿ ಬಿಡಿಗಾಸಿನ ಪಾಲೂ ಇಲ್ಲ. 1984ರಿಂದ ತಂಬಾಕು ಮಂಡಳಿಯ ಹರಾಜು ಕಟ್ಟೆಯಲ್ಲಿ ಬೇಲುಗಳ ಮುಂದೆ ನಿಂತು ದರ ಕಾಯುತ್ತಾ ಬಂದಿರುವ ನಮ್ಮ ಹುಣಸೂರಿನ ರೈತನ ಸ್ಥಿತಿಯೂ ಇದಕ್ಕಿಂತ ಭಿನ್ನವಲ್ಲ. ಸೌದೆಯ ಸಾಲ, ಗೊಬ್ಬರದ ಸಾಲ ತಲೆಯ ಮೇಲಿರುವಾಗ ಮುಂದಿನ ವರ್ಷದ ಬೆಲೆಗೆ ಕಾಯುತ್ತೇನೆ ಎನ್ನಲು ಅವನಿಗಾಗುವುದಿಲ್ಲ.

ಇಷ್ಟೆಲ್ಲವನ್ನೂ ನಾನು ಓದಿಕೊಳ್ಳಬೇಕಾಗಿ ಬಂದದ್ದು ನನ್ನ ಭಾವನಿಂದಾಗಿ. ಹಡಗಿನಲ್ಲಿ ಎಂಜಿನಿಯರಾಗಿದ್ದು ನಿವೃತ್ತರಾಗಿ ಮಂಗಳೂರಿನಲ್ಲಿ ನೆಲೆಸಿರುವ ಅವರ ಬಳಿ ಹವಾನಾದ ಒಂದು ಪೆಟ್ಟಿಗೆ ಇದೆ. ಅಡಿಯಲ್ಲಿ 2004ರ ಮುದ್ರೆ. ಹೃದಯದ ತೊಂದರೆ ಕಾಣಿಸಿಕೊಂಡ ಮೇಲೆ ವೈದ್ಯರು ಧೂಮಪಾನ ಸಂಪೂರ್ಣ ಬಿಡಿಸಿದರು. ಭಾವ ಬಿಟ್ಟರು, ಆದರೆ ಪೆಟ್ಟಿಗೆಯನ್ನು ಬಿಡಲಿಲ್ಲ. ಮಳೆಗಾಲದಲ್ಲಿ ಅದಕ್ಕೆ ನಡೆಯುವ ಉಪಚಾರ ಹಸುಗೂಸಿನ ಆರೈಕೆಯಂಥದು. ಕಳೆದ ಬಾರಿ ಹೋಗಿದ್ದಾಗ ಅವರು ಕೇಳಿದರು: “ಅಲ್ಲ ಮಾರಾಯ, ಇಪ್ಪತ್ತು ವರ್ಷ ಕಳೆಯಿತಲ್ಲ, ಇದರ ವಿಷವೆಲ್ಲ ಇಳಿದಿರಬೇಕಲ್ಲ? ಹಳೆ ಅಕ್ಕಿ ಜೀರ್ಣಕ್ಕೆ ಹಗುರ ಅಂತ ನಿನ್ನ ಅಕ್ಕನೇ ಹೇಳುತ್ತಾಳೆ.”

ಪ್ರಶ್ನೆ ನಗೆ ತರಿಸುವಂತಿದ್ದರೂ ಅದರ ಹಿಂದಿನ ನಂಬಿಕೆ ಭಾವನೊಬ್ಬರದಲ್ಲ. ಮೃದುವಾದದ್ದು ನಿರಪಾಯಕರ ಎಂಬ ಭ್ರಮೆಯ ಮೇಲೆಯೇ ತಂಬಾಕಿನ ವ್ಯಾಪಾರ ಬಹುಕಾಲ ನಡೆದಿದೆ. ಫಿಲ್ಟರ್ ಬಂದದ್ದು, ‘ಲೈಟ್’ ಎಂಬ ಹೆಸರು ಬಂದದ್ದು ಈ ದಾರಿಯಲ್ಲೇ. ಮಾಗುವಾಗ ಹೋಗುವುದು ಅಮೋನಿಯಾ, ಒಗರು, ಘಾಟು. ಅಂದರೆ ಗಂಟಲಿಗೆ ಎಚ್ಚರಿಕೆ ಕೊಡುತ್ತಿದ್ದ ಅಂಶಗಳು. ಸಿಗಾರನ್ನು ಸುಟ್ಟಾಗ ಹುಟ್ಟುವ ಟಾರು, ಇಂಗಾಲದ ಮಾನಾಕ್ಸೈಡುಗಳು ಪೆಟ್ಟಿಗೆಯಲ್ಲಿ ಇರುವುದೇ ಇಲ್ಲ, ಅವು ಹುಟ್ಟುವುದು ಬೆಂಕಿಯಲ್ಲಿ. ಇಪ್ಪತ್ತು ವರ್ಷವಲ್ಲ, ಇನ್ನೂರು ವರ್ಷ ಕಾದರೂ ಅಷ್ಟೆ. ನೈಟ್ರೊಸಮೈನ್‌ಗಳೆಂಬ ಕ್ಯಾನ್ಸರ್‌ಕಾರಕಗಳಂತೂ ಎಲೆಯನ್ನು ಒಣಗಿಸಿ ಹುದುಗಿಸುವ ಹಂತದಲ್ಲೇ ರೂಪುಗೊಳ್ಳುತ್ತವೆ. ರುಚಿ ಕೊಡುವ ಪ್ರಕ್ರಿಯೆಯೇ ಅವನ್ನೂ ಕೊಡುತ್ತದೆ. ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆ 1998ರಲ್ಲೇ ಸಿಗಾರ್ ಕುರಿತು ಪ್ರತ್ಯೇಕ ವರದಿ ಪ್ರಕಟಿಸಿದೆ. ಒಂದು ದೊಡ್ಡ ಸಿಗಾರಿನಲ್ಲಿ ಇಡೀ ಪ್ಯಾಕ್ ಸಿಗರೇಟಿನಷ್ಟು ಹೊಗೆಸೊಪ್ಪು ಇರಬಹುದು. ಹೊಗೆಯನ್ನು ನುಂಗುವುದಿಲ್ಲವಲ್ಲ ಎಂಬ ಸಮಾಧಾನವೂ ನಿಲ್ಲದು. ಸಿಗಾರಿನ ಹೊಗೆ ಕ್ಷಾರೀಯವಾದ್ದರಿಂದ ನಿಕೋಟಿನ್ ಬಾಯಿಯ ಒಳಪೊರೆಯ ಮೂಲಕವೇ ರಕ್ತ ಸೇರುತ್ತದೆ.

ಮನಸ್ಸಿನ ಮೂಲೆಗಳನ್ನೆಲ್ಲ ಶೋಧಿಸಿದ ಫ್ರಾಯ್ಡ್‌ಗೆ 1923ರಲ್ಲಿ ಬಾಯಿಯ ಕ್ಯಾನ್ಸರ್ ಪತ್ತೆಯಾಯಿತು. ಮೂವತ್ತಕ್ಕೂ ಹೆಚ್ಚು ಶಸ್ತ್ರಚಿಕಿತ್ಸೆಗಳ ನಡುವೆಯೂ ಅವರು ಸಿಗಾರ್ ಬಿಡಲಿಲ್ಲ. 1939ರಲ್ಲಿ ಅದೇ ಕಾಯಿಲೆ ಅವರನ್ನು ಕೊಂಡೊಯ್ದಿತು. ಕೊಹಿಬಾ ಸಿಗಾರ್ ಯಾರಿಗಾಗಿ ಹುಟ್ಟಿತೋ ಆ ಫಿಡೆಲ್ ಕ್ಯಾಸ್ಟ್ರೊ ಮಾತ್ರ 1985ರಲ್ಲಿ ಧೂಮಪಾನ ತ್ಯಜಿಸಿದರು. 1988ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅವರಿಗೆ ಪದಕವನ್ನೂ ಕೊಟ್ಟಿತು. ಸಿಗಾರಿನ ರಫ್ತು ನಿಲ್ಲಲಿಲ್ಲ ಎಂಬುದು ಬೇರೆ ಮಾತು.

ಇದನ್ನೆಲ್ಲ ನಾನು ಭಾವನಿಗೆ ಸಾಕಷ್ಟು ದೀರ್ಘವಾಗಿಯೇ ವಿವರಿಸಿದೆ. ಅವರು ಪೆಟ್ಟಿಗೆಯ ಮುಚ್ಚಳ ತೆರೆದು, ಒಂದು ಸಿಗಾರನ್ನು ಮೂಗಿನ ಕೆಳಗೆ ಮೆಲ್ಲನೆ ಎಳೆದುಕೊಂಡು, “ವಾಸನೆ ನೋಡುವುದಕ್ಕೆ ನಿನ್ನ ಅಮೆರಿಕದವರ ಅಡ್ಡಿ ಇಲ್ಲ ತಾನೇ?” ಎಂದರು. ಇಲ್ಲವೆಂದೆ. ನನಗೂ ಒಂದನ್ನು ಕೊಟ್ಟರು. ಜೇನು, ಒಣಹುಲ್ಲು, ಹಳೆಯ ಪುಸ್ತಕದ ಕಪಾಟು ಎಲ್ಲ ಸೇರಿದಂಥ ಪರಿಮಳವಿತ್ತು. ಮೂಸಿ ನೋಡಿ ಹಿಂದಿರುಗಿಸಿದೆ. ಅವರು ಎಣಿಸಿ ಒಳಗಿಟ್ಟರು.