ನಕಲಿನ ಮೊದಲ ಹೆಜ್ಜೆ ಎಲ್ಲಿ? ಕ್ರೋಮ್ಯಾಟಿನ್ ಗುರುತುಗಳ ಉತ್ತರ

ಜೀವಕೋಶ ಎರಡಾಗುವ ಮುನ್ನ ತನ್ನ ಡಿಎನ್‌ಎಯನ್ನೆಲ್ಲ ಒಂದೇ ಒಂದು ಬಾರಿ, ಏನೂ ಬಿಟ್ಟುಹೋಗದಂತೆ ನಕಲು ಮಾಡಿಕೊಳ್ಳಬೇಕು. ಮನುಷ್ಯನ ಒಂದೊಂದು ವರ್ಣತಂತುವನ್ನೂ ತುದಿಯಿಂದ ತುದಿಗೆ ನಕಲಿಸುತ್ತ ಹೋದರೆ ವಾರಗಳೇ ಹಿಡಿಯುವುದರಿಂದ, ಈ ಕೆಲಸ ಸಾವಿರಾರು ಕಡೆ ಆರಂಭವಾಗಿ ಕೆಲವೇ ಗಂಟೆಗಳಲ್ಲಿ ಮುಗಿಯುತ್ತದೆ. ಆರಂಭದ ತಾಣಗಳನ್ನು ಆರು ಪ್ರೋಟೀನ್‌ಗಳ ‘ಓಆರ್‌ಸಿ’ ಎಂಬ ಕೂಟವು ಗುರುತಿಸಿ, ಡಿಎನ್‌ಎಯ ಎರಡು ಎಳೆಗಳನ್ನು ಬಿಡಿಸುವ ‘ಎಂಸಿಎಂ’ ಪ್ರೋಟೀನ್‌ಗಳನ್ನು ಅಲ್ಲಿ ನೆಲೆಗೊಳಿಸುತ್ತದೆ.

ಬ್ರೆಡ್ ಹಿಟ್ಟನ್ನು ಹುದುಗಿಸುವ ಯೀಸ್ಟಿನಲ್ಲಿ ಓಆರ್‌ಸಿ ನಿರ್ದಿಷ್ಟ ಅಕ್ಷರಸರಣಿಯನ್ನು ಕಂಡು ಕೂರುತ್ತದೆ. ಮನುಷ್ಯನಲ್ಲಾದರೋ ಅಂಥ ಸರಣಿ ಸಿಕ್ಕಿಲ್ಲ. ಇಲ್ಲಿ ನೆರವಾಗುವುದು ಕ್ರೋಮ್ಯಾಟಿನ್, ಅಂದರೆ ಹಿಸ್ಟೋನ್ ಎಂಬ ಪ್ರೋಟೀನ್‌ಗಳಿಗೆ ಸುತ್ತಿಕೊಂಡ ಡಿಎನ್‌ಎ. ಎಚ್4 ಹಿಸ್ಟೋನಿನ 20ನೆಯ ಅಮೈನೊ ಆಮ್ಲಕ್ಕೆ ಎರಡು ಮೀಥೈಲ್ ಗುಂಪುಗಳು ಅಂಟಿದ್ದರೆ ಕೂಟದ ಮೊದಲ ಸದಸ್ಯ ಓಆರ್‌ಸಿ1 ಅದನ್ನು ಹಿಡಿಯುತ್ತದೆಂದು 2012ರಲ್ಲಿ ತಿಳಿಯಿತು. ಈ ಹಿಡಿತದ ಭಾಗದಲ್ಲಿ ಆಗುವ ಕೆಲವು ದೋಷಗಳು, ದೇಹ ಕುಬ್ಜವಾಗಿ ಉಳಿಯುವ ಮೈಯರ್-ಗೋರ್ಲಿನ್ ಸಿಂಡ್ರೋಮ್ ಎಂಬ ವಿರಳ ಕಾಯಿಲೆಗೆ ಕಾರಣವಾಗುತ್ತವೆ.

ಈ ವಿಷಯದ ಮಹತ್ವದ ಅಧ್ಯಯನವೊಂದು ಕರ್ನಾಟಕದಲ್ಲೇ ನಡೆದಿದೆ. ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಕೌಸ್ತುವ್ ಸಾನ್ಯಾಲ್ ಅವರ ತಂಡ, ಮನುಷ್ಯನ ಬಾಯಿ ಮತ್ತು ಕರುಳಿನಲ್ಲಿ ವಾಸಿಸುವ, ದೇಹ ದುರ್ಬಲವಾದಾಗ ಸೋಂಕು ತರುವ ಕ್ಯಾಂಡಿಡಾ ಅಲ್ಬಿಕಾನ್ಸ್ ಎಂಬ ಶಿಲೀಂಧ್ರವನ್ನು ಆರಿಸಿಕೊಂಡಿತು. ಕೋಶ ವಿಭಜನೆಯ ವೇಳೆ ವರ್ಣತಂತುವನ್ನು ಎಳೆಯಲು ಹಿಡಿಯಾಗುವ ಸೆಂಟ್ರೊಮಿಯರ್ ಭಾಗದ ಅಕ್ಷರಸರಣಿ ಇದರ ಎಂಟು ವರ್ಣತಂತುಗಳಲ್ಲೂ ಬೇರೆಬೇರೆ. ಎಲ್ಲಕ್ಕೂ ಸಾಮಾನ್ಯವಾದ ಗುರುತೆಂದರೆ ಅಲ್ಲಿ ನೆಲೆಸುವ ಸಿಇಎನ್‌ಪಿ-ಎ ಎಂಬ ವಿಶೇಷ ಹಿಸ್ಟೋನ್. ಪ್ರತಿ ವರ್ಣತಂತುವಿನಲ್ಲೂ ಎಲ್ಲಕ್ಕಿಂತ ಮೊದಲು ನಕಲಾಗುವುದು ಇದೇ ಭಾಗ. ಮೂಲ ಸೆಂಟ್ರೊಮಿಯರನ್ನು ತೆಗೆದುಹಾಕಿದಾಗ ಬೇರೆಡೆ ಹೊಸದು ಹುಟ್ಟುತ್ತದೆ, ಆ ಜಾಗವೂ ಬೇಗ ನಕಲಾಗತೊಡಗುತ್ತದೆ ಎಂಬುದನ್ನು ವಿದೇಶದ ಸಂಶೋಧಕರು 2010ರಲ್ಲಿ ತೋರಿಸಿದ್ದರು. ಅಕ್ಷರ ಬದಲಾಗದಿದ್ದರೂ ಗುರುತು ಬಂದೊಡನೆ ನಕಲಿನ ವೇಳೆ ಬದಲಾಯಿತೆಂಬುದೇ ಇದರ ಅರ್ಥ.

2021ರಲ್ಲಿ ಜಕ್ಕೂರಿನ ತಂಡ ಪ್ರಕಟಿಸಿದ ಅಧ್ಯಯನವು ಈ ಸಂಬಂಧದ ಮತ್ತೊಂದು ಮುಖವನ್ನು ಕಾಣಿಸಿತು. ಓಆರ್‌ಸಿ ಕೂಟದ ಓಆರ್‌ಸಿ4 ಎಲ್ಲ ಸೆಂಟ್ರೊಮಿಯರ್‌ಗಳಲ್ಲೂ ಹೇರಳವಾಗಿದೆ. ಅದು ಅಥವಾ ಎಂಸಿಎಂ2 ಇಲ್ಲವಾದರೆ ಸಿಇಎನ್‌ಪಿ-ಎ ಅಲ್ಲಿ ಉಳಿಯುವುದಿಲ್ಲ, ಕೋಶವೂ ಬದುಕುವುದಿಲ್ಲ. ನಕಲಿಗೆ ದಾರಿ ತೋರುವ ಗುರುತನ್ನು ನಕಲಿನ ಪ್ರೋಟೀನ್‌ಗಳೇ ಕಾಯುತ್ತವೆ.

ಆದುದರಿಂದ ತಾಯಿಕೋಶವು ಮರಿಕೋಶಕ್ಕೆ ಕೊಡುವ ಆಸ್ತಿಯಲ್ಲಿ ಡಿಎನ್‌ಎಯ ಅಕ್ಷರಗಳಷ್ಟೇ ಅಲ್ಲದೆ, ಅವುಗಳನ್ನು ಎಲ್ಲಿಂದ, ಯಾವಾಗ ನಕಲಿಸಬೇಕೆಂದು ಸೂಚಿಸುವ ಗುರುತುಗಳೂ ಸೇರಿವೆ. ಇವೆರಡನ್ನೂ ಒಟ್ಟಿಗೆ ಓದಿದಾಗಲೇ ಆನುವಂಶಿಕತೆಯ ತಿಳಿವಳಿಕೆ ಪೂರ್ಣವಾದೀತು.