ಮೂರ್ತಿ ಚಿಕ್ಕದು, ಬೆಲೆ ಎಷ್ಟು?

ಇಂಗ್ಲೆಂಡಿನ ಹಳೆಯ ಮನೆಗಳ ಹಿತ್ತಿಲಿನಲ್ಲಿ ಮರದ ಕೊಟ್ಟಿಗೆಯೊಂದು ಇರುವುದು ವಾಡಿಕೆ. ಹುಲ್ಲು ಕತ್ತರಿಸುವ ಯಂತ್ರ, ಒಣಗಿದ ಬಣ್ಣದ ಡಬ್ಬಿಗಳು, ಕಾಲು ಮುರಿದ ಕುರ್ಚಿ ಇವೆಲ್ಲವುಗಳ ಹಿಂದೆ ಕೆಲವೊಮ್ಮೆ ವಿಚಿತ್ರ ರೂಪದ ಸೈಕಲ್ಲೊಂದು ಗೋಡೆಗೆ ಒರಗಿ ನಿಂತಿರುತ್ತದೆ. ಅದರ ಚಕ್ರಗಳು ಎರಡು ಗೇಣಿಗಿಂತ ದೊಡ್ಡವಲ್ಲ. ಮನೆಯ ಹಿರಿಯರು ಕಣ್ಮರೆಯಾದ ಮೇಲೆ ಮನೆಯನ್ನು ಬರಿದುಮಾಡಲು ಬಂದ ಮಕ್ಕಳು, “ಯಾವುದೋ ಹುಡುಗರ ಸೈಕಲ್ಲು” ಎಂದು ಅದನ್ನು ಗುಜರಿಯವನಿಗೆ ಎತ್ತಿಕೊಡುವುದುಂಟು. “ಅರವತ್ತು ವರ್ಷ ಹಳೆಯದು, ಆದ್ದರಿಂದ ಬಂಗಾರದ ಬೆಲೆ ಬರಬೇಕು” ಎಂದು ಕನಸು ಕಟ್ಟುವವರೂ ಉಂಟು. ಇಬ್ಬರೂ ಮಾಡುವ ತಪ್ಪು ಒಂದೇ: ವಸ್ತುವಿನ ಹೆಸರನ್ನು ಅರಿಯುವ ಮೊದಲೇ ಅದಕ್ಕೆ ಬೆಲೆ ಕಟ್ಟುವುದು.

ಮೂರ್ತಿ ಚಿಕ್ಕದಾದರೂ ಕೀರ್ತಿ ದೊಡ್ಡದು ಎಂಬ ಗಾದೆ ಮೋಲ್ಟನ್ ಸೈಕಲ್ಲಿಗೆ ಒಪ್ಪುವಷ್ಟು ಮತ್ತಾವ ಸೈಕಲ್ಲಿಗೂ ಒಪ್ಪಲಾರದು.

ಹುಟ್ಟಿದ ಬಗೆ

ಇಂಗ್ಲೆಂಡಿನ ವಿಲ್ಟ್‌ಶೈರ್ ಪ್ರಾಂತದಲ್ಲಿ ಬ್ರ್ಯಾಡ್‌ಫರ್ಡ್-ಆನ್-ಏವನ್ ಎಂಬ ಸಣ್ಣ ಊರಿದೆ. ಅಲೆಕ್ಸ್ ಮೋಲ್ಟನ್ ಅಲ್ಲಿಯ ರಬ್ಬರ್ ಉದ್ಯಮಿಗಳ ಮನೆತನದವರು. ಅವರು ೧೯೨೦ರಲ್ಲಿ ಹುಟ್ಟಿ ೨೦೧೨ರಲ್ಲಿ ತೀರಿಕೊಂಡರು. ೧೯೫೯ರಲ್ಲಿ ಹೊರಬಂದು ಲೋಕಪ್ರಸಿದ್ಧವಾದ ‘ಮಿನಿ’ ಮೋಟಾರು ಕಾರಿಗೆ, ಉಕ್ಕಿನ ಸ್ಪ್ರಿಂಗಿನ ಬದಲು ರಬ್ಬರಿನಿಂದಲೇ ಕುಲುಕಾಟವನ್ನು ತಾಳುವ ಏರ್ಪಾಡನ್ನು ರಚಿಸಿಕೊಟ್ಟವರು ಇವರೇ.

೧೯೫೬ರಲ್ಲಿ ಸೂಯೆಜ್ ಕಾಲುವೆಯ ಬಿಕ್ಕಟ್ಟು ತಲೆದೋರಿ ಬ್ರಿಟನ್ನಿನಲ್ಲಿ ಪೆಟ್ರೋಲಿಗೆ ಪಡಿತರ ಬಂದಿತು. ಆಗ ಮೋಲ್ಟನ್ನರ ಗಮನ ಸೈಕಲ್ಲಿನ ಕಡೆಗೆ ಹರಿಯಿತು. ಚಕ್ರ ಚಿಕ್ಕದಾದರೆ ಅದು ಹಗುರವೂ ಗಟ್ಟಿಯೂ ಆಗುತ್ತದೆ. ಮೇಲೆ ಸಾಮಾನು ಇಡಲು ಸ್ಥಳ ದೊರೆಯುತ್ತದೆ. ಚೌಕಟ್ಟನ್ನು ತಗ್ಗಿಸಿದರೆ ಹೆಂಗಸರೂ ಗಂಡಸರೂ ಒಂದೇ ಸೈಕಲ್ಲನ್ನು ಏರಬಹುದು. ಆದರೆ ಚಿಕ್ಕ ಚಕ್ರ ರಸ್ತೆಯ ಪ್ರತಿಯೊಂದು ಗುಂಡಿಯನ್ನೂ ಸವಾರನ ಬೆನ್ನಿಗೆ ತಲುಪಿಸುತ್ತದೆ. ಟೈರನ್ನು ದಪ್ಪ ಮಾಡಿ ಗಾಳಿಯನ್ನು ಕಡಿಮೆ ಮಾಡಿದರೆ ಕುಲುಕಾಟ ತಗ್ಗುತ್ತದೆ, ಆದರೆ ತುಳಿಯುವವನ ಶ್ರಮ ಹೆಚ್ಚುತ್ತದೆ. ಮೋಲ್ಟನ್ನರು ಕಿರಿದಾದ ಟೈರಿಗೆ ಬಿರುಸಾಗಿ ಗಾಳಿ ತುಂಬಿಸಿ, ಕುಲುಕಾಟವನ್ನು ತಾಳುವ ಕೆಲಸವನ್ನು ರಬ್ಬರಿಗೆ ವಹಿಸಿದರು.

ಪ್ರಸಿದ್ಧ ರ್‍ಯಾಲಿ ಕಂಪನಿ ಈ ಸೈಕಲ್ಲನ್ನು ಒಪ್ಪಿಕೊಳ್ಳಲಿಲ್ಲ. ಮೋಲ್ಟನ್ನರು ತಮ್ಮ ಊರಿನಲ್ಲಿಯೇ ಕಾರ್ಖಾನೆ ಕಟ್ಟಿ, ೧೯೬೨ರ ನವೆಂಬರಿನಲ್ಲಿ ಲಂಡನ್ನಿನ ಅರ್ಲ್ಸ್ ಕೋರ್ಟ್ ಪ್ರದರ್ಶನದಲ್ಲಿ ಅದನ್ನು ಜನರ ಮುಂದಿಟ್ಟರು. ಮರು ತಿಂಗಳೇ ಜಾನ್ ವುಡ್‌ಬರ್ನ್ ಎಂಬ ಸವಾರ ಇದನ್ನೇರಿ ಕಾರ್ಡಿಫ್‌ನಿಂದ ಲಂಡನ್ನಿನವರೆಗಿನ ದಾಖಲೆಯನ್ನು ಮುರಿದ. ಆಟಿಕೆಯೆಂದು ನಕ್ಕವರು ಸುಮ್ಮನಾಗಬೇಕಾಯಿತು.

ಆಸನ್ಸೋಲಿನ ಸೆನ್-ರ್‍ಯಾಲಿ ಕಾರ್ಖಾನೆಯಿಂದಾಗಿ ನಮ್ಮವರಿಗೂ ಪರಿಚಿತವಾದ ಆ ರ್‍ಯಾಲಿ ಹೆಸರು ಈ ಕಥೆಯಲ್ಲಿ ಮತ್ತೆ ಬರುತ್ತದೆ. ೧೯೬೫ರಲ್ಲಿ ರ್‍ಯಾಲಿಯವರು ‘ಆರ್.ಎಸ್.ಡಬ್ಲ್ಯೂ. ೧೬’ ಎಂಬ ತಮ್ಮದೇ ಚಿಕ್ಕ ಚಕ್ರದ ಸೈಕಲ್ಲನ್ನು ಸ್ಪರ್ಧೆಗೆ ಇಳಿಸಿದರು. ೧೯೬೭ರಲ್ಲಿ ಮೋಲ್ಟನ್ನರ ಸೈಕಲ್ ಉದ್ಯಮವನ್ನೇ ಕೊಂಡುಕೊಂಡರು. ೧೯೭೪ರಲ್ಲಿ ಅದರ ತಯಾರಿಕೆಯನ್ನು ನಿಲ್ಲಿಸಿದರು. ಚಿಕ್ಕ ಚಕ್ರದ ಹಳೆಯ ಸೈಕಲ್ಲುಗಳ ಗುರುತು ಇಂದು ಗೊಂದಲವಾಗುವುದಕ್ಕೆ ಈ ಇತಿಹಾಸವೇ ಕಾರಣ.

ಗುರುತು ಹಿಡಿಯುವುದು

ಚೌಕಟ್ಟಿನ ಮೇಲಿನ ಹೆಸರು ಅಳಿಸಿಹೋಗಿರಬಹುದು. ಬೇರೆ ಬಣ್ಣ ಬಳಿದಿರಲೂಬಹುದು. ಆದ್ದರಿಂದ ಮೊದಲು ನೋಡಬೇಕಾದದ್ದು ಆಕಾರವನ್ನು. ೧೯೬೨ರ ಮಾದರಿಯ ಮೋಲ್ಟನ್ನಿನ ಚೌಕಟ್ಟಿನಲ್ಲಿ ಸಾಮಾನ್ಯ ಸೈಕಲ್ಲಿನ ತ್ರಿಕೋನವಿಲ್ಲ. ಮುಂದಿನಿಂದ ಹಿಂದಕ್ಕೆ ತಗ್ಗಾಗಿ ಚಾಚಿದ ಒಂದೇ ದಪ್ಪ ಕೊಳವೆಯುಂಟು. ಹ್ಯಾಂಡಲ್ಲನ್ನು ಹಿಡಿದು ಭಾರ ಹೇರಿದರೆ ಮುಂಭಾಗ ಕುಗ್ಗಿ ಮೇಲೇಳಬೇಕು. ಹಿಂದಿನ ಫೋರ್ಕು ಕೀಲಿನ ಮೇಲೆ ತಿರುಗುವಂತಿದ್ದು, ಅದಕ್ಕೂ ಚೌಕಟ್ಟಿಗೂ ನಡುವೆ ರಬ್ಬರಿನ ತುಂಡು ಇರಬೇಕು. ೧೯೭೦ರಿಂದ ೧೯೭೪ರವರೆಗೆ ಬಂದ ಮೂರನೆಯ ಮಾದರಿಯಲ್ಲಿ ಹಿಂದಿನ ಫೋರ್ಕು ತ್ರಿಕೋನಾಕಾರವಾಗಿದ್ದು, ಅಲ್ಲಿ ಚೆಂಡಿನಂಥ ರಬ್ಬರು ಕಾಣುತ್ತದೆ.

ಮುಂದೆಯೂ ಹಿಂದೆಯೂ ಇಂಥ ಏರ್ಪಾಡಿಲ್ಲದೆ, ಹದಿನಾರು ಅಂಗುಲದ ಚಕ್ರಕ್ಕೆ ಉಬ್ಬಿದ ದಪ್ಪ ಟೈರುಗಳಿದ್ದರೆ ಅದು ಬಹುಶಃ ರ್‍ಯಾಲಿಯವರ ಆರ್.ಎಸ್.ಡಬ್ಲ್ಯೂ. ಚಕ್ರ ಇಪ್ಪತ್ತು ಅಂಗುಲವಾಗಿದ್ದು, ಚೌಕಟ್ಟು ಗಡುಸಾಗಿದ್ದರೆ ‘ರ್‍ಯಾಲಿ ಟ್ವೆಂಟಿ’ ಇರಬಹುದು. ಅದು ಬಹುಸಂಖ್ಯೆಯಲ್ಲಿ ಮಾರಾಟವಾದ ಸೈಕಲ್ಲು. ಉಪಯುಕ್ತವೇ ಹೊರತು ಅಪರೂಪದ್ದಲ್ಲ. ಇನ್ನು ಹೆಸರು ಮೋಲ್ಟನ್ ಎಂದೇ ಇದ್ದು, ಚೌಕಟ್ಟು ಸಣ್ಣ ಸಣ್ಣ ಕೊಳವೆಗಳನ್ನು ಹೆಣೆದು ಸೇತುವೆಯ ಕಮಾನಿನಂತೆ ಕಂಡರೆ, ಅದು ೧೯೮೩ರಲ್ಲಿ ಆರಂಭವಾದ ಬೇರೊಂದು ಪೀಳಿಗೆಗೆ ಸೇರಿದ್ದು. ಆ ಪೀಳಿಗೆಯ ಸೈಕಲ್ಲೊಂದಕ್ಕೆ ಗಾಳಿಯನ್ನು ಸೀಳುವ ಕವಚ ತೊಡಿಸಿ ಜಿಮ್ ಗ್ಲೋವರ್ ಎಂಬಾತ ೧೯೮೬ರಲ್ಲಿ ಕೆನಡಾದ ವ್ಯಾಂಕೂವರಿನಲ್ಲಿ ಗಂಟೆಗೆ ೫೧ ಮೈಲಿಗೂ ಮೀರಿದ ವೇಗ ಸಾಧಿಸಿದ. ಅದರ ಬೆಲೆಯ ಲೆಕ್ಕವೇ ಬೇರೆ.

ಮೋಲ್ಟನ್ ಎಂಬುದು ಖಚಿತವಾದ ಮೇಲೂ ಒಳಭೇದಗಳಿವೆ. ‘ಸ್ಟೋಅವೇ’ ಎಂಬುದರ ಚೌಕಟ್ಟು ನಡುವೆ ಎರಡು ತುಂಡಾಗಿ ಬಿಚ್ಚಿಕೊಳ್ಳುತ್ತದೆ. ‘ಮಿನಿ’ ಎಂಬುದರ ಚಕ್ರ ಹದಿನಾಲ್ಕು ಅಂಗುಲದ್ದು. ‘ಸ್ಪೀಡ್‌ಸಿಕ್ಸ್’ ಆರು ಗೇರುಗಳ ವೇಗದ ಸೈಕಲ್ಲು. ಅಪರೂಪವಾದ್ದರಿಂದ ಸಂಗ್ರಾಹಕರು ಇದನ್ನು ಅರಸುತ್ತಾರೆ.

ವಯಸ್ಸನ್ನು ತಿಳಿಯಲು ಹಿಂದಿನ ಚಕ್ರದ ನಡುವಿನ ಹಬ್ಬನ್ನು ಒರೆಸಿ ನೋಡಬೇಕು. ಸ್ಟರ್ಮಿ-ಆರ್ಚರ್ ಕಂಪನಿಯ ಗೇರ್ ಹಬ್ಬುಗಳ ಮೇಲೆ ವರ್ಷವನ್ನೂ ತಿಂಗಳನ್ನೂ ಮುದ್ರೆಯೊತ್ತುವ ಪದ್ಧತಿಯಿತ್ತು. ೬೫ ಮತ್ತು ೪ ಎಂದಿದ್ದರೆ ೧೯೬೫ರ ಏಪ್ರಿಲ್ ಎಂದರ್ಥ. ಆದರೆ ಇದು ಹಬ್ಬಿನ ಜಾತಕವೇ ಹೊರತು ಸೈಕಲ್ಲಿನದಲ್ಲ. ಚಕ್ರವನ್ನು ಯಾರಾದರೂ ಬದಲಾಯಿಸಿರಬಹುದು. ಆದ್ದರಿಂದ ಚೌಕಟ್ಟಿನಲ್ಲಿ ಕೆತ್ತಿದ ಸಂಖ್ಯೆಯನ್ನೂ ಬರೆದುಕೊಂಡು, ಎರಡನ್ನೂ ಬಲ್ಲವರಿಗೆ ತೋರಿಸಬೇಕು. ಬ್ರಿಟನ್ನಿನ ಮೋಲ್ಟನ್ ಬೈಸಿಕಲ್ ಕ್ಲಬ್ಬಿನಲ್ಲಿ ಇಂಥ ವಿಷಯಗಳನ್ನು ಬಲ್ಲವರಿದ್ದಾರೆ.

ಬೆಲೆ ಕಟ್ಟುವುದು

ಹಳೆಯದೆಂಬ ಒಂದೇ ಕಾರಣದಿಂದ ಬೆಲೆ ಬರುವುದಿಲ್ಲ. ಮೋಲ್ಟನ್ನುಗಳು ಸಾವಿರ ಸಾವಿರವಾಗಿ ತಯಾರಾದವು. ಬೆಲೆಯನ್ನು ನಿಶ್ಚಯಿಸುವುದು ಮಾದರಿ, ಪೂರ್ಣತೆ, ಸ್ಥಿತಿ, ಈ ಮೂರು. ಮೂಲದ ಕ್ಯಾರಿಯರು, ಅದರ ಚೀಲ, ಮಡ್‌ಗಾರ್ಡು, ಸೀಟು ಇದ್ದರೆ ಒಳ್ಳೆಯದು. ಟೈರು ಹಾಳಾಗಿದ್ದರೆ ಎದೆಗುಂದಬೇಕಾಗಿಲ್ಲ: ಹದಿನಾರು ಅಂಗುಲದ ಮೋಲ್ಟನ್ನಿನ ರಿಮ್ಮಿನ ಅಳತೆ ೩೪೯ ಮಿಲಿಮೀಟರು, ಇಂದಿನ ಬ್ರಾಂಪ್ಟನ್ ಮಡಚುವ ಸೈಕಲ್ಲಿನದೂ ಅಷ್ಟೇ ಆದ್ದರಿಂದ ಹೊಸ ಟೈರು ದೊರೆಯುತ್ತದೆ. ಆದರೆ ಹಿಂದಿನ ಫೋರ್ಕಿನ ಬೆಸುಗೆಯಲ್ಲಿ ಬಿರುಕಿದ್ದರೆ, ಮುಂದಿನ ಕೊಳವೆಯೊಳಗೆ ತುಕ್ಕು ಹಿಡಿದು ಚಲನೆ ನಿಂತಿದ್ದರೆ ಅದು ಗಂಭೀರ ದೋಷ. ಬಿರುಕುಬಿಟ್ಟ ಸೈಕಲ್ಲನ್ನು ತಿಳಿಸದೆ ಮಾರುವುದು ಕೊಂಡವನ ಮೈಕೈಗೆ ಅಪಾಯ ತಂದೊಡ್ಡಿದಂತೆ.

ಕೇಳುವ ಬೆಲೆ ಬೇರೆ, ಕೈಗೆ ಬಂದ ಬೆಲೆ ಬೇರೆ. ಜಾಹೀರಾತಿನಲ್ಲಿ ಯಾರೋ ಬರೆದ ದೊಡ್ಡ ಮೊತ್ತವನ್ನು ಆಧಾರವಾಗಿ ಹಿಡಿಯಬಾರದು. ಅದೇ ಮಾದರಿಯ, ಅದೇ ಸ್ಥಿತಿಯ ಸೈಕಲ್ಲು ಹರಾಜಿನಲ್ಲಿ ನಿಜವಾಗಿ ಎಷ್ಟಕ್ಕೆ ಹೋಯಿತೆಂಬುದನ್ನು ನಾಲ್ಕಾರು ಸಲ ನೋಡಿ, ಅವುಗಳ ನಡುವಣ ಮೊತ್ತವನ್ನು ಹಿಡಿಯುವುದು ವಿವೇಕ. ಬಂದವನು “ಈಗಲೇ ನಗದು ಕೊಡುತ್ತೇನೆ” ಎಂದು ಅವಸರಪಡಿಸಿದರೆ, ಆ ಅವಸರ ಯಾರ ಲಾಭಕ್ಕೆ ಎಂಬುದನ್ನು ಯೋಚಿಸುವುದೂ ವಿವೇಕವೇ.

ಮಾರುವ ಮೊದಲು ಥಳಥಳಿಸುವಂತೆ ಬಣ್ಣ ಬಳಿಸುವವರಿದ್ದಾರೆ. ಅದು ಸಲ್ಲದು. ಮಾಸಿದ್ದರೂ ಮೂಲದ ಬಣ್ಣಕ್ಕೆ ಬೆಲೆಯುಂಟು. ಹೊಸ ಬಣ್ಣದಡಿಯಲ್ಲಿ ಹಳೆಯ ಗುರುತುಗಳೂ ಬಿರುಕುಗಳೂ ಅಡಗಿ, ಕೊಳ್ಳುವವನಿಗೆ ಸಂಶಯ ಹುಟ್ಟುತ್ತದೆ. ಒದ್ದೆ ಬಟ್ಟೆಯಿಂದ ಧೂಳು ಒರೆಸಿ, ಟೈರಿಗೆ ಗಾಳಿ ಹಿಡಿದರೆ ತುಂಬಿಸಿ, ಚೈನಿರುವ ಬಲ ಪಕ್ಕದಿಂದ ಪೂರ್ಣ ಚಿತ್ರವೊಂದನ್ನೂ, ಸಂಖ್ಯೆ, ಹಬ್ಬು, ಕೀಲು ಹಾಗೂ ತುಕ್ಕು ಹಿಡಿದ ಸ್ಥಳಗಳ ಚಿತ್ರಗಳನ್ನೂ ತೆಗೆದರೆ ಸಾಕು. ಬಿಡಿಭಾಗಗಳಾಗಿ ಕಳಚಿ ಮಾರಿದರೆ ನಾಲ್ಕು ಕಾಸು ಹೆಚ್ಚು ಬರಬಹುದು. ಆದರೆ ಓಡಬಲ್ಲ ಸೈಕಲ್ಲೊಂದು ಅಂದಿಗೆ ಇಲ್ಲವಾಗುತ್ತದೆ.

ಕೊನೆಯದಾಗಿ, ಯಾರು ಕೊಂಡದ್ದು, ಯಾವ ವರ್ಷ, ಯಾವ ಊರಿನಲ್ಲಿ ಓಡಾಡಿತು ಎಂಬುದು ಮನೆಯವರಿಗೆ ತಿಳಿದಿದ್ದರೆ ಒಂದು ಚೀಟಿಯಲ್ಲಿ ಬರೆದು ಹ್ಯಾಂಡಲ್ಲಿಗೆ ಕಟ್ಟಬೇಕು. ಹಳೆಯ ರಸೀದಿ ಸಿಕ್ಕಿದರೆ ಜೊತೆಗಿಡಬೇಕು. ಹಿರಿಯರ ನೆನಪಿಗೆ ಯಾರೂ ಹಣ ಕೊಡಲಾರರು. ಆದರೆ ಬರೆದಿಟ್ಟ ವಿವರಕ್ಕೆ ಬೆಲೆ ಕೊಡುವವರಿದ್ದಾರೆ. ಹೆಸರು ತಿಳಿದು, ದೋಷ ಹೇಳಿ, ನ್ಯಾಯವಾದ ಬೆಲೆಗೆ ಕೈಬದಲಾದ ಸೈಕಲ್ಲು ಗುಜರಿಯ ರಾಶಿಗೆ ಹೋಗದೆ ಮತ್ತೆ ರಸ್ತೆಗೆ ಇಳಿಯುತ್ತದೆ.