ಬೆಳ್ಳಿ ಏಕೆ ಕಪ್ಪಾಗಲಿಲ್ಲ? – ಬಿದ್ರಿ ಕಲಿಸಿದ ರಸಾಯನ ಪಾಠ

ಬಸವಕಲ್ಯಾಣದಲ್ಲಿ ತರಬೇತಿ ಪಡೆಯುತ್ತಿರುವ ನನಗೆ ಅಭ್ಯಾಸ ಬೋಧನೆಗೆ ಹುಮನಾಬಾದಿನ ಪ್ರೌಢಶಾಲೆಯೊಂದು ಸಿಕ್ಕಿತು. ಹತ್ತನೆಯ ತರಗತಿ, ‘ಲೋಹಗಳು ಮತ್ತು ಅಲೋಹಗಳು’ ಪಾಠ. ಸ್ಥಳೀಯ ಉದಾಹರಣೆಯೆಂದು ಬಿದ್ರಿ ಪದಕವೊಂದನ್ನು ತೋರಿಸಿ, “ಕೊನೆಗೆ ಕಪ್ಪು ಬಣ್ಣ ಬಳಿಯುತ್ತಾರೆ” ಎಂದೆ.

“ಮೇಡಂ, ಬಣ್ಣ ಬಳದ್ರ ಬೆಳ್ಳಿಗಿ ಯಾಕ ಹತ್ತಿಲ್ಲ?” ಎಂದಳು ಹುಡುಗಿಯೊಬ್ಬಳು.

“ಒರೆಸಿ ತೆಗೆಯುತ್ತಾರೆ” ಎಂದು ಊಹಿಸಿ ಹೇಳಿದೆ. ಮೇಲ್ವಿಚಾರಕರು ವೀಕ್ಷಣಾ ಪುಸ್ತಕದಲ್ಲಿ ಬರೆದರು: ‘ಉದಾಹರಣೆ ಚೆನ್ನ, ವಿಷಯಜ್ಞಾನ ಸಾಲದು.’

ಮುಂದಿನ ರಜಾದಿನಗಳಲ್ಲಿ ಬೀದರಿಗೆ ಹೋಗಿ ಕುಶಲಕರ್ಮಿಯೊಬ್ಬರ ಬಳಿ ಕುಳಿತೆ. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಮರಳಿನ ಅಚ್ಚಿನಲ್ಲಿ ಎರಕ ಹೊಯ್ಯುತ್ತಾರೆ. ಅರದಿಂದ ಉಜ್ಜಿ ನಯಮಾಡಿ ಮೈಲುತುತ್ತದ ದ್ರಾವಣ ಸವರುತ್ತಾರೆ. ಮೇಲ್ಮೈ ತಾತ್ಕಾಲಿಕವಾಗಿ ಕಪ್ಪಾಗಿ, ಕೊರೆಯುವ ಗೆರೆ ಎದ್ದು ಕಾಣುತ್ತದೆ. ಉಳಿಯಿಂದ ಕೊರೆದ ಗೀರಿಗೆ ಬೆಳ್ಳಿ ತಂತಿ ಇಟ್ಟು ಸುತ್ತಿಗೆಯಿಂದ ಬಡಿಯುತ್ತಾರೆ. ರೋಮಿನ ಮೈಕ್ರೋ ಮೊಸಾಯಿಕ್ ಆಭರಣಗಳಲ್ಲಿ ಗಾಜಿನ ಚೂರುಗಳನ್ನು ಅಂಟಿನಲ್ಲಿ ಕೂರಿಸುತ್ತಾರೆ. ಇಲ್ಲಿ ಅಂಟಿಲ್ಲ, ಗೀರೇ ತಂತಿಯನ್ನು ಹಿಡಿದುಕೊಳ್ಳಬೇಕು. ನಾನು ಕೊರೆದ ಗೀರು ಆಳವಿರಲಿಲ್ಲ. ಅರ ತಾಗಿದೊಡನೆ ತಂತಿ ಎದ್ದು ಬಂತು. “ಅವಸರ ಬ್ಯಾಡ ಬೇಟಾ, ಮತ್ತ ಕೊರಿ” ಎಂದರು.

ಮತ್ತೆ ಕೊರೆದು, ಕೂರಿಸಿ, ಉಜ್ಜಿದಾಗ ಮೊದಲ ಕಪ್ಪು ಹೋಗಿ, ಬೆಳ್ಳಿ ಯಾವುದು ಸತು ಯಾವುದು ಎಂದೇ ತಿಳಿಯದಾಯಿತು. ಆಮೇಲೆ ಪದಕವನ್ನು ಹದವಾಗಿ ಕಾಯಿಸಿ, ಬೀದರ ಕೋಟೆಯ ಹಳೆಯ ಮಣ್ಣಿಗೆ ನವಸಾಗರ, ಅಂದರೆ ಅಮೋನಿಯಂ ಕ್ಲೋರೈಡ್, ಕಲಸಿ ತಿಕ್ಕಿದರು. ಸತುವಿನ ಮಿಶ್ರಲೋಹ ಕಡುಕಪ್ಪಾಯಿತು. ಬೆಳ್ಳಿ ಹಾಗೆಯೇ ಹೊಳೆಯಿತು. ಅದು ಬಳಿದ ಬಣ್ಣವಲ್ಲ, ಲೋಹದ ಮೇಲ್ಮೈಯಲ್ಲೇ ನಡೆದ ಕ್ರಿಯೆ. ಸತು ಹೆಚ್ಚು ಕ್ರಿಯಾಶೀಲ, ಬೆಳ್ಳಿ ಬಹಳ ಕಡಿಮೆ. ಹುಡುಗಿಯ ಪ್ರಶ್ನೆಗೆ ಉತ್ತರ ಪಠ್ಯದ ಕ್ರಿಯಾಶೀಲತಾ ಸರಣಿಯಲ್ಲೇ ಇತ್ತು. ಮೊದಲ ತಾತ್ಕಾಲಿಕ ಕಪ್ಪೂ ಅದೇ ಪಾಠದ ಸ್ಥಾನಪಲ್ಲಟ ಕ್ರಿಯೆ: ಸತು ದ್ರಾವಣದೊಳಗಿನ ತಾಮ್ರವನ್ನು ಹೊರದೂಡುತ್ತದೆ.

ಮರುಪಾಠದಲ್ಲಿ ಎರಡು ಚಟುವಟಿಕೆ ಇಟ್ಟುಕೊಂಡೆ. ಒಂದು, ಮೈಲುತುತ್ತದ ದ್ರಾವಣಕ್ಕೆ ಸತುವಿನ ಚೂರು ಹಾಕಿ ನೀಲಿ ಬಣ್ಣ ತಿಳಿಯಾಗುವುದನ್ನು ತೋರಿಸುವುದು. ಮೈಲುತುತ್ತ ವಿಷ, ಅದನ್ನು ಶಿಕ್ಷಕರೇ ಮುಟ್ಟಬೇಕು. ಎರಡು, ಮಕ್ಕಳು ಸಾಬೂನಿನ ಮೇಲೆ ಗೀರು ಕೊರೆದು ದಾರ ಕೂರಿಸುವುದು. ದಾರ ಎದ್ದು ಬಂದ ಗುಂಪಿನವರು ತಾವೇ ಆಳದ ಮಾತೆತ್ತಿದರು.

ಪಾಠ ಆರಂಭಿಸುವ ಮೊದಲು ಆ ಹುಡುಗಿಗೆ, “ಅವತ್ತು ನಾನು ಹೇಳಿದ್ದು ತಪ್ಪು, ನಿನ್ನ ಪ್ರಶ್ನೆ ಸರಿ ಇತ್ತು” ಎಂದೆ. ಇದನ್ನು ಪಾಠ ಯೋಜನೆಯಲ್ಲಿ ಬರೆದಿರಲಿಲ್ಲ. ಆದರೆ ಆ ದಿನ ತರಗತಿಯಲ್ಲಿ ಎಂದಿಗಿಂತ ಹೆಚ್ಚು ಕೈಗಳು ಮೇಲೆದ್ದವು. ಸ್ಥಳೀಯ ಉದಾಹರಣೆ ಒಯ್ಯುವ ಸಹಪಾಠಿಗಳಿಗೆ ನನ್ನದೊಂದೇ ಸಲಹೆ: ಒಯ್ಯುವ ಮೊದಲು ಅದನ್ನು ಮಾಡುವವರ ಬಳಿ ಒಂದು ದಿನವಾದರೂ ಕುಳಿತು ಬನ್ನಿ.